ಬಲಗಾಲಿನ ಉರಿ

ನಮ್ಮ ಮನೆಯವರು ‘ಹೌದು’ ಅಂದರೆ ಆ ಬೇಸಿಗೆಯಲ್ಲಿ ನಾನು ನಂಬುವುದನ್ನೇ ಬಿಟ್ಟಿದ್ದೆ. ಗಂಡನ ಮಾತು ನಂಬದ ಹೆಂಗಸು ಎಂದು ಅತ್ತೆ ಮುಖ ತಿರುವುತ್ತಿದ್ದರು. ತಿರುವಲಿ. ಇವರ ಕಾಲಿಗೆ ಸೂಜಿ ಚುಚ್ಚಿ ನೋಡುತ್ತಿದ್ದವಳು ನಾನು, ಅತ್ತೆಯಲ್ಲ.

ಯುದ್ಧದ ಕಾಲ ಅದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇವರು ಹಮಾಲಿ ಮಾಡುತ್ತಿದ್ದರು, ನಾನು ಕಾಯಿಯ ತೊಟ್ಟು ಮುರಿಯಲು ಹೋಗುತ್ತಿದ್ದೆ. ಸಂಕ್ರಾಂತಿ ಕಳೆದ ವಾರ ಇವರು ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಯ ತುದಿಯಿಂದ ಬೆನ್ನಡಿಯಾಗಿ ಬಿದ್ದರು. ಸೊಂಟದಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೊರಸಿನ ಮೇಲೆ ಹೊತ್ತು, ರೈಲಿನಲ್ಲಿ ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಒಯ್ದೆವು.

“ಬೆನ್ನಹುರಿಗೆ ಪೆಟ್ಟಾಗೇತಿ,” ಅಂದರು ಡಾಕ್ಟರು. “ಉಗಾದಿ ತನಕ ನೋಡೂಣು. ಅಷ್ಟರಾಗ ಕಾಲಿಗೆ ಅರಿವು ಬರಾಕ ಹತ್ತಿದ್ರ ಆಸೆ ಇಟ್ಕೋರಿ. ಇಲ್ಲಂದ್ರ ಮನಸ್ಸು ಗಟ್ಟಿ ಮಾಡ್ಕೋರಿ. ತಾಸಿಗೊಮ್ಮೆ ಎರಡು ತಾಸಿಗೊಮ್ಮೆ ಮಗ್ಗಲ ಹೊರಳಸ್ರಿ. ಬೆನ್ನಿಗೆ ಹುಣ್ಣಾತಂದ್ರ ಜೀವಕ್ಕ ಬರ್ತೈತಿ.”

ಅವತ್ತಿನಿಂದ ನನ್ನ ಎದೆಯಲ್ಲಿ ಎರಡು ಹೆದರಿಕೆ ಮನೆ ಮಾಡಿದವು: ಹುಣ್ಣು, ಮತ್ತು ಉಗಾದಿ. ಯಾರಾದರೂ ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಕೇಳಿದರೆ ಮೈಮೇಲೆ ಹೋಗುತ್ತಿದ್ದೆ.

ಒಂದು ಮುಂಜಾನೆ ಕೌದಿಯೊಳಗೆ ಇವರ ಎಡಗಾಲು ತಟ್ಟನೆ ಜಿಗಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿ, ದೇವರಗುಡ್ಡದ ಮೈಲಾರನಿಗೆ ಹರಕೆ ಹೊತ್ತರು. ಕೂಸು ಹುಟ್ಟುವ ಮೊದಲೇ ಕುಲಾವಿ ಅನ್ನುತ್ತಾರಲ್ಲ, ಹಾಗಾಯಿತು. ನಾನೂ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಸಂತೆಯ ದಿನ ಬ್ಯಾಡಗಿಗೆ ಬಂದ ಡಾಕ್ಟರು ನೋಡಿ ಕೇಳಿದರು: “ಅವರು ಎತ್ತು ಅಂದಿದ್ದಕ್ಕ ಎದ್ದಿತೇನು?”

“ತಾನೇ ಹಾರತೈತ್ರಿ,” ಅಂದೆ.

“ಹಲ್ಲಿ ಬಾಲ ಕಡಕೊಂಡು ಬಿದ್ರೂ ಕುಣೀತೈತವ್ವ. ಹಲ್ಲೀನ ಕೇಳಿ ಕುಣೀತೈತೇನು? ಇದಕ್ಕ ಹಿಗ್ಗಬ್ಯಾಡ್ರಿ. ಚುಚ್ಚಿದ್ದು ಗೊತ್ತಾಕ್ಕೈತೋ ಇಲ್ಲೋ, ಅದನ್ನ ನೋಡ್ರಿ.”

ಆ ಹಲ್ಲಿಯ ಮಾತಿಗೆ ನಾನು ಡಾಕ್ಟರನ್ನು ಬಹಳ ದಿನ ಕ್ಷಮಿಸಲಿಲ್ಲ.

ಅಲ್ಲಿಂದ ಸೂಜಿಯ ಕೆಲಸ ಶುರುವಾಯಿತು. ಚುಚ್ಚಿ, “ಗೊತ್ತಾತೇನ್ರೀ?” ಅಂದರೆ ಇವರು “ಹೌದು” ಅನ್ನುತ್ತಿದ್ದರು. ನನಗೆ ಸಂಶಯ ಬಂತು. ಮುಖಕ್ಕೆ ಟವೆಲು ಹಾಕಿ, ಚುಚ್ಚದೆಯೇ ಕೇಳಿದೆ. ಆಗಲೂ “ಹೌದು”. ಸಿಟ್ಟಿನಿಂದ ಸೂಜಿ ಬಿಸಾಡಿದೆ.

“ನೀ ಅಳತೀಯಲ್ಲ, ಅದಕ್ಕ ಅಂದೆ,” ಅಂದರು.

ಉಗಾದಿಗೆ ನಾಲ್ಕು ದಿನ ಉಳಿದಿತ್ತು. ಅತ್ತೆ ಹರಕೆ ತೀರಿಸಲು ದೇವರಗುಡ್ಡಕ್ಕೆ ಹೋಗಿದ್ದರು, ಬೇಡವೆಂದರೂ ಕೇಳಲಿಲ್ಲ. ಹೊರಳಿಸುವುದಕ್ಕೆ ಪಕ್ಕದ ಮನೆಯವಳಿಗೆ ಹೇಳಿ ನಾನು ಕೆಲಸಕ್ಕೆ ಹೋದೆ. ಮಧ್ಯಾಹ್ನ ನೋಡಿದರೆ ಅವಳೇ ಪೇಟೆಯಲ್ಲಿ ಎದುರಾದಳು. “ಅಯ್ಯ, ಮರತೇ ಬಿಟ್ಟೆನಲ್ಲಬೇ!” ಅಂದಳು. ಬಾಯಿಗೆ ಬಂದದ್ದು ಅಂದು ಓಡಿದೆ. ದಿನವೂ ಬೂದಿ ಹಚ್ಚಿ, ಮಜ್ಜಿಗೆಯಲ್ಲಿ ತೊಳೆದು, ಎಣ್ಣೆ ಸವರಿಕೊಂಡೇ ಇವರನ್ನು ಮುಟ್ಟುತ್ತಿದ್ದ ಕೈ ಅವತ್ತು ಹಾಗೆಯೇ ಇತ್ತು.

ಬೆನ್ನು ಕೆಂಪಗಾಗಿತ್ತು, ಆದರೆ ಚರ್ಮ ಒಡೆದಿರಲಿಲ್ಲ. ಎಡಮಗ್ಗುಲಿಗೆ ಹೊರಳಿಸಿ, ಮೇಲೆ ಬಂದ ಬಲಗಾಲನ್ನು ಬೆರಳ ಸಂದಿಯವರೆಗೆ ತಿಕ್ಕಿ, ಒಲೆ ಹೊತ್ತಿಸಲು ಒಳಗೆ ಹೋದೆ. ಎರಡು ರೊಟ್ಟಿ ಬೇಯುವಷ್ಟರಲ್ಲಿ ಕೂಗು ಕೇಳಿಸಿತು.

“ಏ, ಏನ ಹಚ್ಚೀದಿ ಕಾಲಿಗೆ? ಉರಿಯಾಕತ್ತೈತಿ!”

ಮತ್ತೆ ನನ್ನನ್ನು ಸಮಾಧಾನ ಮಾಡುವ ಆಟ ಅಂದುಕೊಂಡೆ. ಹಾಗೆಂದುಕೊಂಡೇ ಹಣೆಯ ಬೆವರು ಒರಸಿಕೊಂಡೆ. ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ಆಗ ನನ್ನ ಕೈ ನೋಡಿಕೊಂಡೆ, ತೊಟ್ಟು ಮುರಿದ ಖಾರ ಹಾಗೇ ಇತ್ತು. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಕೈ ತೊಳೆದಿದ್ದೆನೋ ಇಲ್ಲವೋ ಇವರಿಗೆ ಗೊತ್ತಿರುವ ಮಾತೇ ಇರಲಿಲ್ಲ.

ಹೊಸ್ತಿಲಲ್ಲೇ ನಿಂತು ಕೇಳಿದೆ: “ಯಾವ ಕಾಲ್ರೀ?”

“ಬಲಗಾಲು. ಬೆರಳ ಸಂದ್ಯಾಗ. ಲಗೂ ಬಾ!”

ಮುಂದೆ ಇವರು ಬಡಿಗೆ ಊರಿಕೊಂಡು ಅಂಗಳ ದಾಟುವಷ್ಟಾದರು. ಎಡಗಾಲು ಮಾತ್ರ ಕೊನೆಯವರೆಗೂ ಹೇಳಿದ ಮಾತು ಕೇಳಲಿಲ್ಲ. ಆದರೆ ಅವತ್ತು ಅದೊಂದೂ ನನಗೆ ಗೊತ್ತಿರಲಿಲ್ಲ.

“ಎಣ್ಣಿ ತಾ, ಒರಸು! ಏನ ನೋಡ್ಕೋತ ನಿಂತೀದಿ?” ಎಂದು ಬೈಯುತ್ತಲೇ ಇದ್ದರು. ಮದುವೆಯಾದಾಗಿನಿಂದ ಅಷ್ಟು ಬೈದಿರಲಿಲ್ಲ. ಎಣ್ಣೆಯ ಕುಡಿಕೆ ಕೈಗೆಟಕುವಷ್ಟು ಹತ್ತಿರ ಇತ್ತು. ನಾನು ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

“ಇರ್ರಿ,” ಅಂದೆ. “ಇನ್ನೊಂಚೂರು ಉರೀಲಿ.”