ಪುಣೆಯಿಂದ ಕೇಳುವ ಒಬ್ಬರು

ಅವರ ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿತ್ತು. ಎಡಗಡೆಯೋ ಬಲಗಡೆಯೋ, ಈಗ ಖಚಿತವಾಗಿ ಹೇಳಲಾರೆ. ಇಷ್ಟೂ ನೆನಪಿಲ್ಲದವನು ಅವರಾಡಿದ ಮಾತು ನೆನಪಿದೆ ಎಂದರೆ ಯಾರು ನಂಬಬೇಕು? ನನಗೇ ಅನುಮಾನ.

ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ನಾನು ಮೇಲೆ, ಅವರು ಕೆಳಗೆ. ಧಾರವಾಡದ ಕಡೆಯವರು, ಚಿಕ್ಕಮ್ಮನ ಲೆಕ್ಕದಲ್ಲಿ ನನಗೆ ಕಾಕೂ. ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಯಾವ ಮಾತಿಗೂ ಪುರಾವೆ ಕೇಳುವ ನನ್ನ ಚಟ ಅವರಿಗೆ ತಮಾಷೆ. "ಚಹಾ ಆರೇದಪಾ. ಇದಕ್ಕೂ ಸಾಕ್ಷಿ ತರ್ಲೇನು?" ಎನ್ನುತ್ತಿದ್ದರು. ಬಾಗಿಲಲ್ಲಿ ಕಾಯಿಪಲ್ಯದವಳೊಡನೆ ಮರಾಠಿಯಲ್ಲಿ ಜಗಳ, ಒಳಗೆ ಬಂದು ಅದರ ವರದಿ ಕನ್ನಡದಲ್ಲಿ.

ತಮ್ಮ ತಂಗಿಯೊಡನೆ ಮಾತ್ರ ಮಾತಿಲ್ಲ. ತಾಯಿಯ ಕೊನೆಯ ಕಾಯಿಲೆಯ ಸುದ್ದಿಯನ್ನು ತಂಗಿ ತಡವಾಗಿ ತಿಳಿಸಿದರೆಂದು, ಮುಖ ನೋಡಲೂ ಆಗಲಿಲ್ಲವೆಂದು ವರ್ಷಗಳ ಮುನಿಸು. ಆ ತಂಗಿ ಧಾರವಾಡದಲ್ಲಿ ಕೂತು ತಾಯಿಯ ಅಡುಗೆ, ತಾಯಿಯ ಮಾತುಗಳ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತಿದ್ದಾರೆಂದು ಯಾರೋ ಕಾಕೂ ಕಿವಿಗೆ ಹಾಕಿದರು. ಕೇಳಬೇಕು, ಆದರೆ ಸೋತಂತೆ ಆಗಬಾರದು. ಮೊಬೈಲ್ ಸದಾ ಮೊಮ್ಮಕ್ಕಳ ಕೈಯಲ್ಲಿ, ಮನೆಗೆಲ್ಲ ಗೊತ್ತಾಗುತ್ತದೆ. ಉಳಿದದ್ದು ಅವರ ಕೋಣೆಯ ಹಳೆಯ ಕಂಪ್ಯೂಟರ್. ಅದನ್ನು ನಡೆಸಲು, ಮನೆಗಳಲ್ಲಿ ಅಪರೂಪವಾದ ಲಿನಕ್ಸ್ ವ್ಯವಸ್ಥೆ ಹಾಕಿಕೊಟ್ಟವನು ನಾನೇ.

ಒಂದು ಮಧ್ಯಾಹ್ನ ಪಾಡ್‌ಕಾಸ್ಟ್ ಕೇಳುವ ತಂತ್ರಾಂಶ ಹಾಕಿ, ತಂಗಿಯ ಕಾರ್ಯಕ್ರಮದ ವಿಳಾಸ ಕೊಟ್ಟು, ಹೊಸ ಕಂತು ಬಂದಾಗ ತಾನೇ ಇಳಿಸಿಕೊಳ್ಳುವಂತೆ ಮಾಡಿದೆ. ಕಂತುಗಳು ಬಂದವು, ಸದ್ದಿಲ್ಲ. ಧ್ವನಿ ಸ್ಪೀಕರಿಗೆ ಹೋಗದೆ ಮಾನಿಟರಿಗೆ ಹೋಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದ್ದೇ ತಡ, ಕೋಣೆಯ ತುಂಬ ತಂಗಿಯ ಮಾತು: ಅವ್ವ ಎಣ್ಣೆಗಾಯಿಗೆ ಬೆಲ್ಲ ಹಾಕುತ್ತಿದ್ದಳಂತೆ. ಕಾಕೂ ಅಂಗೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. ಕಂತು ಮುಗಿದ ಮೇಲೆ ಕಂಪ್ಯೂಟರಿಗೇ ಹೇಳಿದರು: "ಸುಳ್ಳ. ಅವ್ವ ಬೆಲ್ಲ ಮುಟ್ತಿದ್ದಿಲ್ಲ."

ಆಮೇಲೆ ನನ್ನತ್ತ ತಿರುಗಿದರು. "ನಾ ಕೇಳಿದ್ದು ಆಕಿಗೆ ತಿಳೀತದೇನು?"

ಹೆಸರು ಕಾಣುವುದಿಲ್ಲ, ಯಾವ ಊರು, ಎಂಥ ಕಂಪ್ಯೂಟರ್ ಎಂಬುದು ಕಾಣಬಹುದು, ಬೇಕಾದರೆ ಊರನ್ನೂ ಮರೆಮಾಡಿಕೊಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಬ್ಯಾಡ. ಊರು ಕಾಣ್ಲಿ."

ಹೀಗೆ ಅಂದರೆಂದು ನನ್ನ ನೆನಪು. ಆದರೆ ಅವರು ತೀರಿಕೊಂಡ ಮೇಲೆ ನನ್ನ ಸಮಾಧಾನಕ್ಕೆ ನಾನೇ ಕಟ್ಟಿಕೊಂಡದ್ದಿರಬಹುದೆಂಬ ಗುಮಾನಿ ಬಿಡಲಿಲ್ಲ. ಅಂದು ಊರು ಮರೆಮಾಡಿಯೇ ಎದ್ದು ಬಂದಿದ್ದೆನೇನೋ.

ವರ್ಷದ ತಿಥಿಗೆ ತಂಗಿ ಬಂದಿದ್ದರು. ಯಾವ ಊರಿನಿಂದ ಎಷ್ಟು ಜನ ಕೇಳುತ್ತಾರೆಂದು ನೋಡಲು ಬರುತ್ತದೆಯೇ ಎಂದು ಕೇಳಿದೆ. ಮೊಬೈಲಿನಲ್ಲಿ ಆ ಪುಟ ತೆಗೆಯುತ್ತ ಅವರು ಹೇಳಿದರು: "ಕೇಳ್ತಾಳಂತ ಗೊತ್ತಿತ್ರಿ. ಬೆಲ್ಲದ ಸುದ್ದಿ ಬೇಕಂತನ ತಗೀತಿದ್ದೆ. ಸಿಟ್ಟಿಗೆದ್ದು ಫೋನ್ ಮಾಡಿ ಬೈಲಿ ಅಂತ."

ಫೋನ್ ಬಂದಿರಲಿಲ್ಲ. ಪುಟದಲ್ಲಿ ಮಾತ್ರ, ಕಾಕೂ ಇದ್ದಷ್ಟು ದಿನದ ಪ್ರತಿ ಕಂತಿನ ಕೆಳಗೂ ಅದೇ ಸಾಲು ಇತ್ತು: ಪುಣೆ, ಲಿನಕ್ಸ್, ಒಬ್ಬರು.