ಗೆಂಡೆ ಮೀನಿಗೆ ಶೇಂಗಾ ಹಿಂಡಿ

ನಾನು ಮದುವೆಯಾಗಿ ಹಾನಗಲ್ಲಿನ ಹತ್ತಿರದ ಆ ಊರಿಗೆ ಹೋದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಡನಿಗೆ ಶಿಗ್ಗಾಂವಿಯ ಕಾಳಿನ ಅಂಗಡಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು, ಮಾವ, ತವರಿನವರು ಕೊಟ್ಟ ಒಂದು ಎಮ್ಮೆ.

ಮಾವ ಹೊಲದ ಹೊಂಡದಲ್ಲಿ ಗೆಂಡೆ ಮೀನು ಸಾಕಿದ್ದರು. ಕುಮಟಾ ಕಡೆಯಿಂದ ತರಿಸಿದ ಒಣಮೀನಿನ ಪುಡಿ ಎರಚಿದರೆ ಸಾಕು, ನೀರು ಕುದಿಯುವ ಹಾಗೆ ಮೀನು ಮೇಲೆ ಬರುತ್ತಿದ್ದವು. ಮಳೆಗಾಲಕ್ಕೆ ಒಣಮೀನು ಬರುವುದು ನಿಂತಿತು. ಮರಿ ಕೊಟ್ಟಿದ್ದ ಮೀನುಗಾರಿಕೆ ಇಲಾಖೆಯ ಸಾಹೇಬರು ಬಂದು, "ಶೇಂಗಾ ಹಿಂಡಿ, ತೌಡು ಕಲಸಿ ಉಂಡಿ ಮಾಡಿ ಹಾಕ್ರಿ" ಎಂದರು.

"ಹಿಂಡಿ ತಿನ್ನಾಕ ಅವೇನ ಎಮ್ಮಿ ಏನ್ರಿ?" ಎಂದರು ಮಾವ. ಆದರೂ ಸವಣೂರಿನ ಗಾಣದಿಂದ ಹಿಂಡಿ ತಂದರು. ಹಾಕುವ ಕೆಲಸ ನನಗೆ ಬಂತು.

ಉಂಡೆ ಮುಳುಗಿ ಹೋಗುತ್ತಿತ್ತು, ಒಂದು ಮೀನೂ ಮೇಲೆ ಬರುತ್ತಿರಲಿಲ್ಲ. ಅದೇ ದಿನಗಳಲ್ಲಿ ಎಮ್ಮೆಯ ಹಾಲು ಹೆಚ್ಚಿತು. ಮಾವ ಹಾಲಿನ ಚರಿಗೆ ನೋಡಿದರು, ನನ್ನ ಮುಖ ನೋಡಿದರು. ಮರುದಿನ ಎಮ್ಮೆ ಮೇವು ತಿನ್ನುವ ಗ್ವಾದಲಿಯಲ್ಲಿ ಕೈಯಾಡಿಸಿ ಬೆರಳು ಮೂಸುತ್ತಿದ್ದರು. ನಾನು ಹೊಂಡಕ್ಕೆ ಹೊರಟರೆ ಏನೋ ನೆಪ ತೆಗೆದು ಹಿಂದೆಯೇ ಬರುವರು. ಗಂಡನ ಮುಂದೆ ಹೇಳಿಕೊಂಡರೆ, "ಅಪ್ಪಗ ಎಲ್ಲಾರ ಮ್ಯಾಲೂ ಸಂಶೆ" ಎಂದು ನಕ್ಕುಬಿಟ್ಟರು.

ಕಡೆಗೆ ಮಾವ ಕೇಳಿಯೇಬಿಟ್ಟರು: "ಹಿಂಡಿ ಮೀನ ತಿಂತಾವೋ, ನಿಮ್ಮ ತವರಮನಿ ಎಮ್ಮಿ ತಿಂತೈತೋ?"

"ನಾಳೆ ನೀವ ಹಾಕ್ರಿ, ಮಾವಾರ. ಹಾಕಿ ಒಂದ್ ಮೀನ ಹಿಡೀರಿ" ಎಂದೆ.

ಬೆಳಿಗ್ಗೆ ಅವರೇ ಉಂಡೆ ಎಸೆದರು. ಸ್ವಲ್ಪ ಹೊತ್ತು ಬಿಟ್ಟು ಬಲೆ ಬೀಸಿದರು. ಸಿಕ್ಕ ಮೀನನ್ನು ನಾನು ಅವರ ಎದುರಿಗೇ ಸೀಳಿದೆ. ಕರುಳು ಒತ್ತಿದಾಗ ಕಂದು ಹಿಟ್ಟು ಹೊರಬಂತು. ಮಾವ ಅದನ್ನು ಬೆರಳಲ್ಲಿ ತಿಕ್ಕಿ ಮೂಸಿದರು.

"ತಳದಾಗ ತಿಂತಾವ ಹಂಗಾರ."

"ಹೂಂನ್ರಿ."

"ಮತ್ತ ಹಾಲ ಹೆಂಗ ಹೆಚ್ಚಾತು?"

"ಮಳಿ ಆಗೇತಲ್ರಿ, ಹುಲ್ಲು ಚಿಗತೈತಿ."

ತಲೆ ಆಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮಧ್ಯಾಹ್ನ ಸಾರು ಬಡಿಸಿದಾಗ ಮೊದಲು ವಾಸನೆ ನೋಡಿ, ಆಮೇಲೆ ರೊಟ್ಟಿ ಮುರಿದರು. ಉಂಡೆದ್ದು ಕೈ ತೊಳೆಯುತ್ತ, "ನೀನೂ ಉಣ್ಣವ್ವಾ, ಆರತೈತಿ" ಎಂದರು. ಆ ಮನೆಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಒಲೆಯ ಮುಂದೆ ಕೂತು ಉಂಡೆ. ಮೀನು ರುಚಿಯಾಗಿಯೇ ಇತ್ತು. ತವರಿನ ಎಮ್ಮೆಯ ಮೇಲೆ ನಿನ್ನೆ ಆಡಿದ ಮಾತು ನೆನಪಾಗಿ ತುತ್ತು ಮಾತ್ರ ಬೇಗ ಇಳಿಯಲಿಲ್ಲ.