ಸೆಗಣಿ ಬಳಿದ ಜೀಪು

ಗೆಳೆಯರೇ, ಇವತ್ತು ನಮ್ಮ ಕಬ್ಬೂರಿನಲ್ಲಿ ನಡೆದದ್ದು ಕೇಳಿ. ಪಕ್ಕದ ಮನೆಯ ಸೊಸೆಗೆ ಹೆರಿಗೆ ನೋವು, ಕೂಸು ಅಡ್ಡ ತಿರುಗಿದೆ. ಚಿಕ್ಕೋಡಿ ದವಾಖಾನೆಗೆ ಒಯ್ಯಲು ಸರ್ಕಾರಿ ಜೀಪು ಬಾಗಿಲಿಗೇ ಬಂದರೂ ಅತ್ತೆ ಪಾರವ್ವ ಬಿಡಲಿಲ್ಲ. ಜೀಪಿನ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನವಿತ್ತು.

"ಈ ಗಾಡ್ಯಾಗ ಹೋದವ್ರಿಗೆ ಮುಂದ ಮಕ್ಕಳಾಗೂದಿಲ್ಲ. ನನ್ನ ಸೊಸಿ ಹತ್ತೂದಿಲ್ಲ."

"ಅದು ಹಳೇ ಮಾತು ಬೇ ಕಾಕಿ. ಈಗ ಇದನ್ನ ಬಸುರಿ ಹೆಣ್ಮಕ್ಕಳಿಗಂತ ಬಿಟ್ಟಾರ" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟ್ಯಾಕ ಹೇಳಾಕತ್ತಿ ಮಾಸ್ತರ? ನಿನಗ ಏನ್ ಕೊಡ್ತಾರ?"

ಒಳಗೆ ಸೊಸೆ ಚೀರಿದಳು. ಪಾರವ್ವ ದನದ ಕೊಟ್ಟಿಗೆಗೆ ಹೋಗಿ ಬೊಗಸೆ ತುಂಬ ಸೆಗಣಿ ತಂದು ತ್ರಿಕೋನದ ಮೇಲೆ ದಪ್ಪಗೆ ಬಳಿದಳು. "ಈಗ ಇದು ಬರೇ ಜೀಪು. ಒಯ್ಯಿರಿ."

ನಾನೂ ಜೊತೆಗೆ ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ತಾಯಿ, ಮಗಳು ಇಬ್ಬರೂ ಪಾರಾದರು.

"ಬರ್ರಿ ಮಾಸ್ತರ, ಊರಿಗೆ ಬಿಡ್ತೀನಿ" ಎಂದ ಡ್ರೈವರ್. ನೋಡಿದರೆ ಒಣಗಿದ ಸೆಗಣಿ ಉದುರಿ ತ್ರಿಕೋನ ಪೂರ್ತಿ ಹೊರಗೆ ಬಂದಿತ್ತು. ಹಿಂದೊಮ್ಮೆ ನಮ್ಮೂರ ಗಂಡಸರನ್ನು ಮಕ್ಕಳಾಗದ ಆಪರೇಷನ್ನಿಗೆ ಹಿಡಿದು ಒಯ್ದದ್ದೂ ಇಂಥದೇ ಜೀಪು.

"ನನಗ ಪ್ಯಾಟ್ಯಾಗ ಸ್ವಲ್ಪ ಕೆಲಸ ಐತ್ರಿ" ಎಂದು ಹೇಳಿ ಬಸ್ಸಿಗೆ ಬಂದೆ.